ಎರಡು ಬಟ್ಟಲಿನ ಪೆಟ್ಟಿಗೆ

ಸರ್ವೇಯರ್ ಸಾಹೇಬರು ತೀರಿಕೊಂಡು ಒಂದು ವಾರವಾಗಿತ್ತು. ಬೆಳಿಗ್ಗೆ ಏಳು ಗಂಟೆಗೆ ಅವರ ಮಗಳು ನಮ್ಮ ಮನೆಗೆ ಬಂದಳು. ನಾನು ವಾಕಿಂಗ್ ಮುಗಿಸಿ, ಸ್ನಾನ ಮುಗಿಸಿ, ಪೇಪರಿನ ಎರಡನೆಯ ಪುಟದಲ್ಲಿದ್ದೆ. ಕರವಸ್ತ್ರದಲ್ಲಿ ಸುತ್ತಿದ್ದ ಹಿತ್ತಾಳೆಯ ಬೀಗದ ಕೈಯೊಂದನ್ನು ಅವಳು ಮೇಜಿನ ಮೇಲಿಟ್ಟಳು.

“ಕ್ಲಬ್ಬಿನ ಪೆಟಿಗೀದು, ಅಂಕಲ್. ಇದನ್ನ ನಿಮ್ಮ ಕೈಯಾಗ ಕೊಡು, ಬ್ಯಾರೇರ ಕೈಯಾಗ ಬ್ಯಾಡ ಅಂದಿದ್ರು ಅಪ್ಪ.”

“ಮತ್ತೇನಾದ್ರೂ ಹೇಳಿದ್ರೇನಮ್ಮಾ?”

“‘ಮಾಸ್ತರು ಮೊದಲು ಸಿಟ್ಟಾಗ್ತಾರ, ಆಮ್ಯಾಲ ಇಳಿತಾರ’ ಅಂದ್ರು. ಯಾಕ್ ಅಂತ ಕೇಳಿದ್ರ ಸುಮ್ನ ನಕ್ರು.”

ಹೊರಡುವಾಗ ನಮ್ಮ ಅಂಗಳದಲ್ಲಿ ನನ್ನ ಹೆಂಡತಿ ಒಣಹಾಕಿದ್ದ ಹುಣಸೆಹಣ್ಣನ್ನು ನೋಡಿ ನಿಂತಳು. “ಅಪ್ಪ ಇದ್ದಿದ್ರ ಬೀಜ ಎಲ್ಲಾ ಇಸ್ಕೊಂಡು ಹೋಗ್ತಿದ್ರು. ಬ್ಯಾಸಿಗಿ ಬಂತಂದ್ರ ಒಲಿ ಮುಂದ ಕೂತು ಬೀಜ ಹುರಿಯೋರು, ಸಿಪ್ಪಿ ಸುಲಿಯೋರು. ಚೌಕಾಬಾರ ಆಡೋಕ ಅಂತಿದ್ರು. ನಮ್ಮ ಮನ್ಯಾಗ ಚೌಕಾಬಾರ ಆಡೋರು ಯಾರದಾರ ಹೇಳ್ರಿ?”

ಆ ಮಾತಿಗೆ ನಾನು ಗಮನ ಕೊಡಲಿಲ್ಲ. ಕೊಡಬೇಕಾಗಿತ್ತು.

ಹರಪನಹಳ್ಳಿಯ ನಮ್ಮ ಕ್ಲಬ್ಬು ಮದರಾಸು ಸರ್ಕಾರದ ಕಾಲದ್ದು. ಬಿಳಿಯ ಅಧಿಕಾರಿಯೊಬ್ಬ ಕುದುರೆ ಮೇಲೆ ಬಂದಾಗ ಚಹಾ ಕುಡಿಯಲೆಂದು ಕಟ್ಟಿಸಿದ ಒಂದು ಹೆಂಚಿನ ಮನೆ, ಒಂದು ಜಗಲಿ, ಮುಂದೆ ಒಂದು ಆಟದ ಅಂಗಳ, ಅದರಾಚೆ ಕಬ್ಬಿಣದ ಗೇಟು. ಅವರು ಹೋದ ಮೇಲೆ ತಹಸೀಲ್ದಾರರು, ಮುನ್ಸೀಫರು, ಡಾಕ್ಟರು ಬಂದು ಅದೇ ಕುರ್ಚಿಗಳಲ್ಲಿ ಕುಳಿತರು. ಆಮೇಲೆ ಮಂಡಿ ವ್ಯಾಪಾರಿಗಳು, ನಮ್ಮಂಥ ಮಾಸ್ತರರು, ಬ್ಯಾಂಕಿನವರು. ಕುರ್ಚಿಗಳ ಬೆತ್ತ ಬದಲಾಯಿತು, ನಿಯಮಗಳು ಬದಲಾಗಲಿಲ್ಲ. ಇಂಗ್ಲಿಷಿನಲ್ಲಿದ್ದ ನಿಯಮಾವಳಿಯನ್ನು ಕನ್ನಡಕ್ಕೆ ತಂದವನು ನಾನೇ. ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರನಾಗಿದ್ದೆ, ಕ್ಲಬ್ಬಿನಲ್ಲಿ ಕಾರ್ಯದರ್ಶಿ. ಸಂಜೆ ಐದೂವರೆಗೆ ಗಂಟೆ ಬಾರಿಸುವುದರಿಂದ ಹಿಡಿದು ಚಹಾದ ಲೋಟ ಜಗಲಿ ದಾಟಿ ಹೋಗದಂತೆ ನೋಡುವವರೆಗೆ ಎಲ್ಲ ನನ್ನ ಕೆಲಸ.

ಆ ನಿಯಮಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಪೆಟ್ಟಿಗೆಯ ನಿಯಮ. ಹೊಸ ಸದಸ್ಯರನ್ನು ಸೇರಿಸಿಕೊಳ್ಳಬೇಕಾದರೆ ತೇಗದ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಡುತ್ತೇವೆ. ಅದರ ಮುಂಭಾಗದಲ್ಲಿ ಕೈ ಹೋಗುವಷ್ಟು ತೂತು, ತೂತಿಗೆ ಬಟ್ಟೆಯ ತೋಳು. ಒಳಗೆ ಎಡಕ್ಕೊಂದು ಬಟ್ಟಲು, ಬಲಕ್ಕೊಂದು ಬಟ್ಟಲು. ಎಡದ್ದರಲ್ಲಿ ಬಿಳಿ ಬೀಜ, ಬಲದ್ದರಲ್ಲಿ ಕರಿ ಬೀಜ. ಒಬ್ಬೊಬ್ಬರಾಗಿ ಬಂದು, ಒಳಗೆ ಕೈ ಹಾಕಿ, ಬೇಕಾದ ಬಟ್ಟಲಿನಿಂದ ಒಂದು ಬೀಜ ತೆಗೆದು ನಡುವಿನ ಕಿಂಡಿಗೆ ಬಿಡಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ, ಕೈಗೆ ಮಾತ್ರ ಎಡ ಬಲ ಗೊತ್ತು. ಕೊನೆಗೆ ಕೆಳಗಿನ ಡ್ರಾಯರ್ ಎಳೆದು ಎಲ್ಲರೆದುರು ಬೀಜಗಳನ್ನು ಸುರಿಯುತ್ತೇವೆ. ಒಂದೇ ಒಂದು ಕರಿ ಬೀಜ ಇದ್ದರೂ ಅರ್ಜಿ ಬಿದ್ದುಹೋಯಿತು. ಯಾರು ಹಾಕಿದರು, ಯಾಕೆ ಹಾಕಿದರು ಎಂದು ಕೇಳುವಂತಿಲ್ಲ.

ಮೊದಲು ಮದರಾಸಿನಿಂದ ತರಿಸಿದ ಗೋಲಿಗಳಿದ್ದವಂತೆ. ಅವು ಕಳೆದುಹೋದ ಮೇಲೆ ಹುಣಸೆ ಬೀಜ ಬಂತು. ಹಾಗೇ ಇಟ್ಟರೆ ಕರಿ. ಹುರಿದು ಸಿಪ್ಪೆ ಸುಲಿದರೆ ಬಿಳಿ. ಚೌಕಾಬಾರ ಆಡುವ ಮನೆಗಳಲ್ಲೆಲ್ಲ ಗೊತ್ತಿರುವ ಕೆಲಸ.

ಸರ್ವೇಯರ್ ಸಾಹೇಬರು ಮೊದಲ ಸಲ ಅರ್ಜಿ ತಂದುಕೊಟ್ಟಾಗ ಅವರಿಗೆ ನಲವತ್ತು ದಾಟಿತ್ತು. ಚಿಗಟೇರಿ ಕಡೆಯ ಬೌದ್ಧ ಮನೆತನ. ತಂದೆ ಅದೇ ಇಲಾಖೆಯಲ್ಲಿ ಸರಪಳಿ ಎಳೆಯುವವರಾಗಿದ್ದರು. ಹೊಲ ಅಳೆಯುವಾಗ ಕಬ್ಬಿಣದ ಸರಪಳಿಯನ್ನು ಹೊತ್ತು ಸಾಹೇಬರ ಮುಂದೆ ನಡೆಯುವ ಕೆಲಸ. ಮಗ ಓದಿ ಅದೇ ಕಚೇರಿಯಲ್ಲಿ ಸರ್ವೇಯರ್ ಆದರು. ತೆಳ್ಳನೆಯ ಆಳು, ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಸದಾ ಒಂದು ಟೇಪು. ಮಾತನಾಡುವಾಗ ಟೇಪನ್ನು ಎರಡು ಇಂಚು ಎಳೆದು ಬಿಡುವರು. ಅದು ಟಪ್ಪೆಂದು ಒಳಗೆ ಹೋಗುವುದು. ಮಾತಿಗೆ ಪೂರ್ಣವಿರಾಮ ಅದೇ.

ಅವರ ಕೆಲಸದ ರೀತಿ ನಮ್ಮ ತಾಲೂಕಿನಲ್ಲೆಲ್ಲ ಗೊತ್ತು. ನೀಲಗುಂದದ ಹತ್ತಿರ ಅಣ್ಣತಮ್ಮಂದಿರಿಬ್ಬರು ಬದುವಿನ ಮೇಲೆ ಕೊಡಲಿ ಹಿಡಿದು ನಿಂತಿದ್ದರು. ಇವರು ಹೋಗಿ ಟೇಪಿನ ಒಂದು ತುದಿ ಅಣ್ಣನ ಕೈಗೆ, ಇನ್ನೊಂದು ತುದಿ ತಮ್ಮನ ಕೈಗೆ ಕೊಟ್ಟರಂತೆ.

“ಹಿಡೀರಿ. ಎರಡೂ ಕೈಲೆ ಹಿಡೀರಿ. ಬಿಗಿಯಾಗಿ ಎಳೀರಿ. ಸಡ್ಲ ಬಿಟ್ಟೋನ ಹೊಲ ಕಡಿಮಿ ಬರತೈತಿ.”

ಎರಡೂ ಕೈಯಲ್ಲಿ ಟೇಪು ಹಿಡಿದ ಮೇಲೆ ಕೊಡಲಿ ಹಿಡಿಯುವುದು ಹೇಗೆ? ಕೊಡಲಿಗಳು ನೆಲದಲ್ಲೇ ಉಳಿದವು. ಒಂದು ತಾಸು ಎಳೆದು ಎಳೆದು ಇಬ್ಬರ ತೋಳೂ ಸೋತವು. ಕೊನೆಗೆ ಅಣ್ಣನೇ, “ಸಾಕು ಬಿಡ್ರಿ ಸಾಹೇಬ್ರ, ನೀವು ಎಲ್ಲಿ ಅಂತೀರಿ ಅಲ್ಲಿ ಕಲ್ಲು ನೆಡ್ತೀವಿ” ಅಂದನಂತೆ. ಈ ಕಥೆ ಕೇಳಿದವರೆಲ್ಲ ನಗುತ್ತಿದ್ದರು. ಅಳತೆಯಲ್ಲಿ ಒಂದು ಬೆರಳು ಅತ್ತಿತ್ತ ಮಾಡಿಸಿದವರು ಮಾತ್ರ ಇಡೀ ತಾಲೂಕಿನಲ್ಲಿ ಒಬ್ಬರೂ ಇರಲಿಲ್ಲ.

ಮೊದಲ ಸಲ ಡ್ರಾಯರ್ ಎಳೆದಾಗ ಮೂರು ಕರಿ ಬೀಜ ಬಿದ್ದವು. ಕಾರಣ ಗೊತ್ತಿಲ್ಲದವರಂತೆ ಎಲ್ಲರೂ ಆಟಕ್ಕೆ ಎದ್ದರು, ಎಲ್ಲರಿಗೂ ಗೊತ್ತಿತ್ತು. ಮರುದಿನ ಹತ್ತು ಗಂಟೆಗೆ ನಾನು ಅವರ ಕಚೇರಿಗೆ ಹೋಗಿ ಸುದ್ದಿ ಹೇಳಿದೆ.

“ನಿಯಮ ಹಂಗೈತ್ರಿ,” ಅಂದೆ.

“ನಿಯಮ ಐತಿ ಅಂದ್ರ ಸರಿ, ಸರ್. ಮತ್ತ ಯಾವಾಗ ಅರ್ಜಿ ಹಾಕಬೌದು?”

“ಒಂದು ವರ್ಷ ಬಿಟ್ಟು.”

ಸರಿಯಾಗಿ ಒಂದು ವರ್ಷಕ್ಕೆ, ಅದೇ ದಿನ, ಅದೇ ಹೊತ್ತಿಗೆ ಅರ್ಜಿ ಬಂತು. ಈ ಸಲ ಒಂದೇ ಕರಿ ಬೀಜ. ನಾನು ಎರಡು ಸಲವೂ ಎಡ ಬಟ್ಟಲಿಗೇ ಕೈ ಹಾಕಿದ್ದೆ. ಆದರೆ ಅದನ್ನು ಅವರಿಗೆ ಹೇಳುವಂತಿರಲಿಲ್ಲ. ಅದೂ ನಿಯಮ. ಈ ಸಲ ಸುದ್ದಿ ಹೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ.

“ಷಟಲ್ ಆಡೋಕ ಜೂನಿಯರ್ ಕಾಲೇಜಿನ ಅಂಗಳ ಐತಿ. ಪೇಪರ್ ಓದೋಕ ಗ್ರಂಥಾಲಯ ಐತಿ. ನಿಮಗ ಈ ಕ್ಲಬ್ಬೇ ಯಾಕ ಬೇಕ್ರಿ?”

ಅವರು ಟೇಪು ಎಳೆದರು, ಬಿಟ್ಟರು.

“ನಮ್ಮಪ್ಪ ಸರಪಳಿ ಹೊತ್ಕೊಂಡು ಆ ಗೇಟಿನ ಮುಂದ ನಿಲ್ತಿದ್ದ, ಸರ್. ಒಳಗ ಸಾಹೇಬ್ರು ಚಾ ಕುಡಿಯೋರು. ಸರಪಳಿ ನೆಲಕ್ಕ ಇಡಂಗಿದ್ದಿಲ್ಲ, ಸರ್ಕಾರದ್ದು ನೋಡ್ರಿ. ಒಂದಿನ ಬಂದು ಅವ್ವನ ಮುಂದ ಅಂದ, ‘ಆ ಚಾದ ವಾಸನಿ ಬ್ಯಾರೇನ ಇರತೈತಿ ಕಣೆ’ ಅಂತ. ಹೆಂಗಿರತೈತಿ ನೋಡಬೇಕಾಗೈತಿ.”

“ಚಹಾ ಅಷ್ಟೇನೂ ಚೆನ್ನಾಗಿಲ್ರಿ,” ಅಂದೆ. ನಿಜವೇ ಹೇಳಿದ್ದು.

“ಇರ್ಲಿ. ಕುಡಿದ್ಮ್ಯಾಲ ನಾನೂ ಅನ್ಬೇಕಲ್ಲ, ಚೆನ್ನಾಗಿಲ್ಲ ಅಂತ.”

ಆ ಒಂಟಿ ಕರಿ ಬೀಜ ಯಾರದೆಂದು ನಾವೆಲ್ಲ ಊಹಿಸಿದ್ದೆವು. ಹುಣಸೆ, ಶೇಂಗಾ ಮಂಡಿಯ ಸಾವುಕಾರರದು. ದೊಡ್ಡ ಮನೆತನ, ದೊಡ್ಡ ದನಿ, ಕ್ಲಬ್ಬಿನ ಉಪಾಧ್ಯಕ್ಷರು, ಷಟಲ್‌ನಲ್ಲಿ ಎದುರಿಲ್ಲದ ಆಟಗಾರ. ಉತ್ತರ ದಿಕ್ಕಿನ ಅಂಕಣ ತಮಗೆ ಆಗಿಬರುತ್ತದೆ ಎಂದು ಸದಾ ಅಲ್ಲೇ ನಿಲ್ಲುವರು. ಹಿರಿಯರು ಎಂದು ನಾವೂ ಅಂಕಣ ಬದಲಿಸಿ ಎಂದು ಕೇಳುತ್ತಿರಲಿಲ್ಲ.

ಆ ವರ್ಷ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯ ಕ್ಲಬ್ಬುಗಳನ್ನು ಕರೆದು ಪಂದ್ಯ ನಡೆಸುವ ಸರದಿ ನಮ್ಮದಾಯಿತು. ಹೊರಗಿನವರು ಬರುತ್ತಾರೆ, ಗೆರೆಗಳನ್ನು ಸರಿಯಾಗಿ ಹಾಕಿಸಬೇಕು. ಅಳತೆಗೆ ಯಾರು? ಎರಡು ಸಲ ತಿರುಗಿ ಕಳಿಸಿದವರನ್ನು ಕರೆಯಲು ನನಗೆ ನಾಚಿಕೆಯಾಯಿತು. ಆದರೂ ಕರೆದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಟೇಪು, ಗೂಟ, ಸುಣ್ಣದ ದಾರದೊಂದಿಗೆ ಬಂದರು. ಜಗಲಿ ಹತ್ತಲಿಲ್ಲ. ಅಂಗಳವನ್ನು ಒಮ್ಮೆ ಅಳೆದರು. ಮತ್ತೊಮ್ಮೆ ಅಳೆದರು. ಸಾವುಕಾರರು ಟವೆಲ್ ಹೊದ್ದು ನೋಡುತ್ತಿದ್ದರು.

“ಉತ್ತರದ ಅಂಕಣ ಅರ್ಧ ಅಡಿ ಕಡಿಮಿ ಐತ್ರಿ.”

“ಅಂದ್ರ?” ಅಂದರು ಸಾವುಕಾರರು.

“ಅಲ್ಲಿ ನಿಂತೋರು ಕಾಯಬೇಕಾದ ಜಾಗ ಸಣ್ಣದು. ಎದುರಿನೋರದು ದೊಡ್ಡದು. ಬಿಳಿ ಸಾಹೇಬ್ರ ಕಾಲದಾಗ ಗೂಟ ಹೊಡೆದೋರ ತಪ್ಪು. ಅವತ್ತಿಂದ ಅದರ ಮ್ಯಾಲೇ ಗೆರಿ ಎಳೀತಾ ಬಂದೀರಿ.”

ಜಗಲಿಯ ಮೇಲೆ ಯಾರೋ ಕಿಸಕ್ಕೆಂದರು. ಸಾವುಕಾರರ ಮುಖ ಕೆಂಪಗಾಯಿತು.

“ಏನ್ ಮಾಸ್ತರ, ಇಷ್ಟು ವರ್ಷ ನಾನು ಗೆದ್ದಿದ್ದು ಆಟ ಅಲ್ಲ, ಅರ್ಧ ಅಡಿ ಅಂತಾನೇನಿವ?”

ಉತ್ತರ ಕೊಟ್ಟವರು ಸರ್ವೇಯರ್ ಸಾಹೇಬರೇ. “ಆಟಾನೂ ಇತ್ತು ಬಿಡ್ರಿ, ಸಾವ್ಕಾರ್ರ. ಅರ್ಧ ಅಡಿ ಅದಕ್ಕ ಸ್ವಲ್ಪ ಕೈ ಹಚ್ಚೈತಿ, ಅಷ್ಟ.”

ಒಂದು ಗಳಿಗೆ ಏನಾಗುತ್ತದೋ ಎಂದುಕೊಂಡೆವು. ಸಾವುಕಾರರು ಟವೆಲ್ ತೆಗೆದು ಹೆಗಲಿಗೆ ಹಾಕಿ ಹೊಟ್ಟೆ ಕುಣಿಯುವಂತೆ ನಕ್ಕರು. “ಲೇ, ಇವನನ್ನ ಹೊರಗ ಬಿಟ್ರ ನಮ್ಮ ಮರ್ಯಾದಿ ಊರು ತುಂಬಾ ಅಳೀತಾನಲೇ!” ಮೂರನೆಯ ವರ್ಷದ ಅರ್ಜಿಗೆ ಡ್ರಾಯರ್ ತುಂಬ ಬಿಳಿ ಬೀಜ.

ಸದಸ್ಯರಾಗಿ ಬಂದ ಮೊದಲ ಸಂಜೆ ಅವರು ಆಡಲಿಲ್ಲ. ಚಹಾದ ಲೋಟ ತೆಗೆದುಕೊಂಡು ಜಗಲಿ ಇಳಿದರು. ಅಂಗಳ ದಾಟಿದರು. ಗೇಟು ತೆರೆದು ಹೊರಗೆ ಹೋಗಿ, ಕಂಬದ ಪಕ್ಕ ನಿಂತು, ನಿಧಾನವಾಗಿ ಪೂರ್ತಿ ಕುಡಿದರು. ವಾಪಸು ಬಂದು ಲೋಟವನ್ನು ತಟ್ಟೆಯಲ್ಲಿಟ್ಟು ನನ್ನತ್ತ ತಿರುಗಿದರು.

“ನೀವು ಹೇಳಿದ್ದು ಖರೆ, ಸರ್. ಅಷ್ಟೇನೂ ಚೆನ್ನಾಗಿಲ್ಲ.”

ಲೋಟ ಜಗಲಿ ದಾಟಬಾರದು ಎಂಬ ನಿಯಮವನ್ನು ನಾನು ಆಗ ಹೇಳಿದೆ. ಇಷ್ಟು ವರ್ಷಗಳ ಮೇಲೆ, ಹೇಳಬಾರದಿತ್ತು ಅನ್ನಿಸುತ್ತದೆ. ಅವರು “ತಪ್ಪಾತು, ಇನ್ನ ಮ್ಯಾಲ ದಾಟಂಗಿಲ್ಲ” ಅಂದರು. ದಾಟಲೂ ಇಲ್ಲ.

ಆಮೇಲಿನ ದಿನಗಳು ನಮ್ಮ ಕ್ಲಬ್ಬಿನ ಒಳ್ಳೆಯ ದಿನಗಳು. ಸಾವುಕಾರರು, ಸರ್ವೇಯರ್ ಸಾಹೇಬರು, ನಾನು, ನಾಲ್ಕನೆಯವರು ಯಾರಾದರೂ, ಹೀಗೆ ದಿನಾ ಕೇರಂ. ಹೊಡೆಯುವ ಮೊದಲು ಅವರು ಒಂದು ಕಣ್ಣು ಮುಚ್ಚಿ ಕೋನ ನೋಡುವರು. ಸಾವುಕಾರರು ಕೂಗುವರು, “ಪಹಣಿ ಬರೀತೀಯೇನಲೇ? ಹೊಡಿ!” ಇವರು ಹೊಡೆಯುವರು. ಕಾಯಿ ಬೀಳುವುದು. “ಬರದೆ ನೋಡ್ರಿ, ನಿಮ್ಮ ಹೆಸರಿಗಿಲ್ಲ” ಅನ್ನುವರು. ಸಾವುಕಾರರು ಅವರನ್ನು ‘ಲೇ’ ಎನ್ನಲು ಶುರುಮಾಡಿ, ಎರಡು ವರ್ಷ ಕಳೆದ ಮೇಲೆ ಒಂದು ಸಂಜೆ ಅವರೂ ತಿರುಗಿ, “ಲೇ ಸಾವ್ಕಾರ, ಕೈ ಆಚೆ ತಗೀ” ಅಂದುಬಿಟ್ಟರು. ಸಾವುಕಾರರು ಕೈ ಆಚೆ ತೆಗೆದರು. ಆಟ ಮುಂದುವರಿಯಿತು.

ನನಗೆ ಎಪ್ಪತ್ತಾದಾಗ ಕಾರ್ಯದರ್ಶಿ ಕೆಲಸವನ್ನೂ ಪೆಟ್ಟಿಗೆಯ ಕೀಲಿಯನ್ನೂ ಸರ್ವೇಯರ್ ಸಾಹೇಬರಿಗೆ ಒಪ್ಪಿಸಿದೆ. ಅವರಷ್ಟು ಸರಿಯಾದ ಮನುಷ್ಯ ಬೇರೆ ಇರಲಿಲ್ಲ. ಗಂಟೆ ಐದೂವರೆಗೇ ಹೊಡೆಯಿತು. ಅವರ ಕಾಲದಲ್ಲಿ ಹೊಸ ಸದಸ್ಯರು ಬಂದರು. ಬಸ್ ಕಂಡಕ್ಟರು, ಮೊಬೈಲ್ ಅಂಗಡಿಯವನು, ಬ್ಯೂಟಿಪಾರ್ಲರ್ ನಡೆಸುವ ಹೆಣ್ಣುಮಗಳು, ಉಚ್ಚಂಗಿದುರ್ಗದಿಂದ ಬಂದು ಇಲ್ಲಿ ಟೈಪಿಂಗ್ ಕಲಿಸುವವನು. ಪ್ರತಿ ಸಲವೂ ಡ್ರಾಯರಿನಲ್ಲಿ ಬರೀ ಬಿಳಿ ಬೀಜ. ಕಾಲ ಬದಲಾಯಿತು, ನಮ್ಮ ಜನ ಉದಾರಿಗಳಾದರು ಎಂದು ನಾನು ಸಂತೋಷಪಟ್ಟೆ.

ಒಂದು ಸಲ ಮಾತ್ರ ನನಗೆ ಗಲಿಬಿಲಿಯಾಯಿತು. ಮದುವೆಗಳಿಗೆ ಡೆಕ್ಕು, ಸ್ಪೀಕರು ಬಾಡಿಗೆಗೆ ಕೊಡುವವನೊಬ್ಬ ಅರ್ಜಿ ಹಾಕಿದ್ದ. ನಮ್ಮ ಓಣಿಯಲ್ಲಿ ನನ್ನ ಕಿಟಕಿಯ ಗಾಜು ನಡುಗಿಸಿದವನು. ಈ ಗದ್ದಲ ಕ್ಲಬ್ಬಿಗೆ ಬೇಡ ಎಂದು, ಜೀವನದಲ್ಲಿ ಮೊದಲ ಸಲ, ನಾನು ಬಲ ಬಟ್ಟಲಿಗೆ ಕೈ ಹಾಕಿದೆ. ಬೀಜ ಬೆರಳಿಗೆ ಸ್ವಲ್ಪ ತರಿತರಿ ಅನ್ನಿಸಿತು. ಡ್ರಾಯರ್ ಎಳೆದರು. ಎಲ್ಲ ಬಿಳಿ.

ವಯಸ್ಸಾಯಿತು, ಎಡ ಬಲ ತಪ್ಪಿತು ಎಂದುಕೊಂಡೆ. ಕೇಳುವುದು ಹೇಗೆ? ಕೇಳಿದರೆ ನಾನು ಕರಿ ಹಾಕಿದೆ ಎಂದು ಒಪ್ಪಿಕೊಂಡಂತೆ. ಎದುರಿಗೆ ನೋಡಿದರೆ ಸಾವುಕಾರರೂ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಜೋಮು ಹಿಡಿದಿರಬೇಕು ಎಂದುಕೊಂಡೆ. ಸರ್ವೇಯರ್ ಸಾಹೇಬರು ತಲೆ ತಗ್ಗಿಸಿ ನಡಾವಳಿ ಬರೆಯುತ್ತಿದ್ದರು. ಆ ಡೆಕ್ಕಿನವನು ಕ್ಲಬ್ಬಿಗೆ ಬಂದ ಮೇಲೆ ತಿಳಿಯಿತು, ಅವನಷ್ಟು ಮೆಲ್ಲಗೆ ಮಾತನಾಡುವವರು ಊರಲ್ಲಿ ಇಲ್ಲ. ದಿನವಿಡೀ ಸದ್ದಿನಲ್ಲಿದ್ದು ಬಂದವನಿಗೆ ಸಂಜೆ ಮೌನವೇ ಬೇಕು. ಈಗ ಕೇರಂನಲ್ಲಿ ನನ್ನ ಜೋಡಿ ಅವನೇ.

ಕೀಲಿ ನನ್ನ ಕೈಗೆ ಬಂದ ವಾರವೇ ಒಂದು ಅರ್ಜಿ ತೀರ್ಮಾನವಾಗಬೇಕಿತ್ತು. ಅರ್ಜಿದಾರಳು ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ಷಟಲ್ ಚೆನ್ನಾಗಿ ಆಡುತ್ತಾಳೆ. ಅವಳ ತಾಯಿ ಪುರಸಭೆಯ ಕೆಲಸದಾಕೆ. ನಮ್ಮ ಕ್ಲಬ್ಬಿನ ಮುಂದಿನ ರಸ್ತೆಯನ್ನು ದಿನಾ ಬೆಳಿಗ್ಗೆ ಗುಡಿಸುವವಳು. ಸೂಚಿಸಿದವರ ಜಾಗದಲ್ಲಿ ಸರ್ವೇಯರ್ ಸಾಹೇಬರ ಸಹಿ. ಕಾಯಿಲೆ ಬಿದ್ದು ತಾವು ಆಸ್ಪತ್ರೆಗೆ ದಾಖಲಾಗುವ ಹಿಂದಿನ ದಿನ ಹಾಕಿದ್ದು. ಗೆರೆ ನೇರವಾಗಿತ್ತು. ಜಗಲಿಯಲ್ಲಿ ಒಂದೆರಡು ಪಿಸುಮಾತು ನನ್ನ ಕಿವಿಗೆ ಬಿದ್ದಿದ್ದವು. “ಹಿಂಗ ಬಿಡ್ತಾ ಹೋದ್ರ ಎಲ್ಲಿಗೆ ನಿಲ್ಲತೈತಿ?” ಎಂದವರೊಬ್ಬರು. ಒಂದು ಕರಿ ಬೀಜ ಸಾಕು.

ಆ ದಿನ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನೂ ಸಾವುಕಾರರೂ ಒಳಕೋಣೆಯಲ್ಲಿ ಪೆಟ್ಟಿಗೆಯ ಬೀಗ ತೆರೆದೆವು. ಬಟ್ಟಲು ತುಂಬಿವೆಯೋ ನೋಡಬೇಕಲ್ಲ. ಎಡ ಬಟ್ಟಲಲ್ಲಿ ಬಿಳಿ ಬೀಜ. ಬಲ ಬಟ್ಟಲಲ್ಲೂ ಬಿಳಿ ಬೀಜ.

ನಾನು ಬಟ್ಟಲನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಒಂದೊಂದೂ ಹುರಿದು, ಸುಲಿದು, ಕೈಯಲ್ಲಿ ಉಜ್ಜಿದ್ದು. ಹಳೆಯವು ಹಳದಿಗೆ ತಿರುಗಿದ್ದವು. ಆಗ ಒಲೆಯ ಮುಂದೆ ಬೀಜ ಹುರಿಯುತ್ತಿದ್ದರು ಎಂದು ಮಗಳು ಹೇಳಿದ್ದು ನೆನಪಾಯಿತು. ಒಂದು ಬೆರಳು ಅತ್ತಿತ್ತ ಅಳೆಯದ ಮನುಷ್ಯ! ನನಗೆ ಸಿಟ್ಟು ಬಂತು. ಅವರು ಹೇಳಿದ್ದಂತೆಯೇ ಬಂತು.

ಸಾವುಕಾರರು ಬಟ್ಟಲಿಗೆ ಕೈ ಹಾಕಿ ಬೀಜಗಳನ್ನು ಆಡಿಸಿದರು. “ಹಂಗಾದ್ರ ಆ ಡೆಕ್ಕಿನೋನ ದಿನ…” ಎಂದು ನಿಲ್ಲಿಸಿದರು.

“ನೀವೂನಾ?” ಅಂದೆ.

ಅವರು ನನ್ನ ಮುಖ ನೋಡಿದರು. “ನೀವೂನಾ, ಮಾಸ್ತರ?”

ಸಾವುಕಾರರ ಹೊಟ್ಟೆ ಕುಣಿಯತೊಡಗಿತು. “ಕೈಗೆ ಲಕ್ವ ಹೊಡೀತು ಅಂತ ದಾವಣಗೆರಿ ಡಾಕ್ಟ್ರಿಗೆ ತೋರಿಸ್ಕೊಂಡು ಬಂದೀನ್ರಿ ನಾನು! ಕಳ್ಳ… ಎದುರಿಗೆ ಕೂತು ನಡಾವಳಿ ಬರೀತಿದ್ದನಲ್ರಿ! ಎಂಥಾ ಮುಖ ಮಾಡ್ಕೊಂಡು!” ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಒರೆಸಿಕೊಂಡಿದ್ದು ಬರೀ ನಗುವಿಗಲ್ಲ. ನನಗೂ ಬೇರೆ ಕಡೆ ನೋಡಬೇಕಾಯಿತು.

ಹೊರಗೆ ಸದಸ್ಯರು ಸೇರುತ್ತಿದ್ದ ಸದ್ದು. ಗೇಟಿನ ಆಚೆ ಆ ಹುಡುಗಿ ರಾಕೆಟ್ ಹಿಡಿದು ನಿಂತಿದ್ದಳು. ತೀರ್ಮಾನ ಆಗುವವರೆಗೆ ಅರ್ಜಿದಾರರು ಒಳಗೆ ಬರುವಂತಿಲ್ಲ.

ಸಾವುಕಾರರು ಜೇಬಿನಿಂದ ಫೋನ್ ತೆಗೆದರು. “ಈಗೇನ್ ಮಾಡೋಣ್ರಿ? ನಿಯಮ ಅಂದ್ರ ನೀವು. ಹುಣಸಿ ಬೀಜ ನನ್ನ ಮಂಡ್ಯಾಗ ಮೂಟಿಗಟ್ಟಲೆ ಅದಾವು. ಫೋನ್ ಮಾಡಿದ್ರ ಐದು ನಿಮಿಷದಾಗ ಬರತೈತಿ.”

ನಾನು ಬಟ್ಟಲನ್ನು ಅದರ ಜಾಗದಲ್ಲಿಟ್ಟೆ. ಪೆಟ್ಟಿಗೆ ಮುಚ್ಚಿದೆ. ಕೀಲಿ ತಿರುಗಿಸಿದೆ.

“ಹೊತ್ತಿಲ್ರಿ. ಐದೂವರೆಗೆ ಗಂಟಿ ಬಾರಿಸಬೇಕು.”

ಪೆಟ್ಟಿಗೆಯನ್ನು ಹೊರಗಿನ ಮೇಜಿಗೆ ತಂದಿಟ್ಟು, ಹಗ್ಗ ಹಿಡಿದು ಮೂರು ಸಲ ಗಂಟೆ ಬಾರಿಸಿದೆ. ಸಾವುಕಾರರು ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದರು. ಐದು ಇಪ್ಪತ್ತೈದು. ಆಮೇಲೆ ನನ್ನನ್ನು ನೋಡಿದರು.

“ಗಡಿಯಾರ ಹಿಂದ ಐತಿ,” ಅಂದರು ಎಲ್ಲರಿಗೂ ಕೇಳುವಂತೆ. “ಬರ್ರಿ ಬರ್ರಿ, ಹೊತ್ತಾತು.” ಎಲ್ಲರಿಗಿಂತ ಮೊದಲು ಬಟ್ಟೆಯ ತೋಳಿನೊಳಗೆ ತಾವೇ ಕೈ ಹಾಕಿದರು.

ಎಲ್ಲರೂ ಹಾಕಿದ ಮೇಲೆ ಡ್ರಾಯರ್ ಎಳೆದು ಮೇಜಿನ ಮೇಲೆ ಸುರಿದೆ. ಕಿಟಕಿಯ ಹತ್ತಿರ ನಿಂತಿದ್ದ ಒಬ್ಬರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದರು. ನಾನು ಅತ್ತ ನೋಡಲಿಲ್ಲ. ಹುಡುಗಿಯನ್ನು ಒಳಗೆ ಕರೆಸಿ, ಅವಳಿಗೆ ಚಹಾ ಕೊಡಲು ಹೇಳಿ, ನಡಾವಳಿ ಪುಸ್ತಕ ತೆರೆದೆ. ಸರ್ವೇಯರ್ ಸಾಹೇಬರ ಅಚ್ಚುಕಟ್ಟಾದ ಅಕ್ಷರದ ಕೆಳಗೆ ನನ್ನ ಅಕ್ಷರದಲ್ಲಿ ಬರೆದೆ: ಮತದಾನ ಸಂಜೆ ಸರಿಯಾಗಿ ಐದೂವರೆಗೆ ಆರಂಭವಾಯಿತು. ಎಲ್ಲ ಬಿಳಿ.